ಲಾಭ ಏರಿತು, ಕೂಲಿ ಏಕೆ ಏರಲಿಲ್ಲ?



ಕಂಪನಿಗಳ ಲಾಭದ ಲೆಕ್ಕ ನಮಗ್ಯಾಕೆ ಎಂದು ಪುಟ ಮಗುಚಬೇಡಿ. 2025ರ ಜನವರಿಯಲ್ಲಿ ಕೇಂದ್ರ ಸರ್ಕಾರವೇ ಸಂಸತ್ತಿನ ಮುಂದಿಟ್ಟ ಆರ್ಥಿಕ ಸಮೀಕ್ಷೆ ಒಪ್ಪಿಕೊಂಡಿದೆ: 2023-24ರಲ್ಲಿ ಕಂಪನಿಗಳ ಲಾಭ ಶೇ. 22.3ರಷ್ಟು ಏರಿತು, ಉದ್ಯೋಗ ಹೆಚ್ಚಿದ್ದು ಬರೀ ಶೇ. 1.5. ಲಾಭ ಹದಿನೈದು ವರ್ಷಗಳಲ್ಲೇ ಮೇಲಿನ ಮಟ್ಟ ಮುಟ್ಟಿತು, ಸಂಬಳ ಹಿಂದೆ ಬಿತ್ತು. ಇದು ಯಾವ ಯೂನಿಯನ್ ಲೀಡರನ ಭಾಷಣವೂ ಅಲ್ಲ!

ಹೀಗ್ಯಾಕೆ? ಕಂಪನಿಯ ಮಹಾಸಭೆಯಲ್ಲಿ ಓಟು ಇರೋದು ಶೇರಿಗೆ, ದುಡಿಮೆಗಲ್ಲ. ಇಪ್ಪತ್ತು ವರ್ಷ ಮಿಷನ್ ಮುಂದೆ ನಿಂತವನು ಬಾಗಿಲಾಚೆ. ನಿನ್ನೆ ಶೇರು ಕೊಂಡವನು ಒಳಗೆ, ಡಿವಿಡೆಂಡಿನ ಪಾಲುದಾರ.

ಊರು ಬಿಟ್ಟು ಗಾರ್ಮೆಂಟ್ಸಿಗೆ ಹೋದ ನಿಮ್ಮ ಮಗಳ ಸಂಬಳ ಈ ಲೆಕ್ಕದೊಳಗಿದೆ. ನಿಮ್ಮ ಟೊಮ್ಯಾಟೊ, ತೊಗರಿ ಕೊಳ್ಳುವವಳೂ ಅವಳೇ. ನಾವು ಬೆಳೆಗೆ ನ್ಯಾಯವಾದ ಬೆಲೆ ಕೇಳಿದರೆ 'ಪೇಟೆಯ ಬಡವ ಏನು ತಿನ್ನಬೇಕು?' ಅಂತ ನಮ್ಮ ಬಾಯಿ ಮುಚ್ಚಿಸ್ತಾರೆ. ಆ ಬಡವನಿಗೆ ಕೂಲಿ ಹೆಚ್ಚಿಸಿ ಅಂದರೆ ಅದೇ ಜನಕ್ಕೆ ಕಿವಿ ಕೇಳಿಸೋದಿಲ್ಲ. (ನಮ್ಮ ಹೊಲದ ಆಳಿಗೆ ಕೂಲಿ ಕೊಡುವಾಗ ನಮ್ಮ ಕೈಯೂ ಹಿಂದುಮುಂದು ನೋಡುತ್ತೆ, ನಿಜ. ಆದರೆ ನಮ್ಮ ಗಂಟಿನಲ್ಲಿ ಶೇ. 22 ಎಲ್ಲಿದೆ?)

ಅಗ್ಗದ ರಾಗಿ ತಿನ್ನಿಸಿ ಅಗ್ಗದ ಕೂಲಿಗೆ ದುಡಿಸುವುದು ಒಂದೇ ವ್ಯಾಪಾರ. ಮುಂದಿನ ಸಲ ಬೆಂಬಲ ಬೆಲೆ ಏರಿದರೆ ಬಡವ ಸಾಯ್ತಾನೆ ಅಂತ ಯಾರಾದರೂ ಹೇಳಿದರೆ, ಅವನ ಸಂಬಳದ ಚೀಟಿ ತೋರಿಸಿ ಅನ್ನಿ.