ಏಕವಚನದ ಅಪರಾಧ, ಬಹುವಚನದ ಶಿಕ್ಷೆ

ವ್ಯಾಕರಣದಲ್ಲಿ ವಚನವು ಎಲ್ಲಕ್ಕಿಂತ ಸುಲಭವಾದ ಪಾಠವೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಒಂದಾದರೆ ಏಕವಚನ, ಹೆಚ್ಚಾದರೆ ಬಹುವಚನ. ಪ್ರತ್ಯಯವನ್ನು ಗುರುತಿಸಿದರೆ ಅಂಕ ದೊರೆಯಿತು. ಆದರೆ ಒಬ್ಬನ ಅಪರಾಧವನ್ನು ಹೇಳುವ ವಾಕ್ಯವು ಬಹುವಚನಕ್ಕೆ ತಿರುಗಿದಾಗ ಊರಿಗೆ ಊರೇ ಉರಿಯಬಲ್ಲದು. ಸಾಂಗ್ಲಿ-ಮಿರಜದ ಚರಿತ್ರೆ ಇದಕ್ಕೆ ಸಾಕ್ಷಿ. ರಂ. ಶ್ರೀ. ಮುಗಳಿಯವರು ಕನ್ನಡ ಕಲಿಸಿದ ಸಾಂಗ್ಲಿಯ ಚರಿತ್ರೆಯಲ್ಲಿಯೇ ಈ ಪುಟವೂ ಇರುವುದರಿಂದ, ಕನ್ನಡ ಐಚ್ಛಿಕವನ್ನು ಆಯ್ದುಕೊಂಡವರು ಅದನ್ನು ತೆರೆದು ನೋಡಬೇಕು.

1948ರ ಜನವರಿ 30ರ ಸಂಜೆ ದಿಲ್ಲಿಯ ಬಿರ್ಲಾ ಭವನದಲ್ಲಿ ಗಾಂಧೀಜಿಯವರ ಹತ್ಯೆಯಾಯಿತು. ದೇಶವಿಭಜನೆಯ ಗಾಯ ಇನ್ನೂ ಹಸಿಯಾಗಿತ್ತು. ಕೊಂದವನು ಮುಸಲ್ಮಾನನೆಂಬ ಗಾಳಿಮಾತು ದೇಶದ ತುಂಬ ಹಬ್ಬಿದ್ದರೆ ಆ ರಾತ್ರಿ ಎಷ್ಟು ಜೀವಗಳು ಹೋಗುತ್ತಿದ್ದವೋ ಊಹಿಸಲಾಗದು. ಅಂದಿನ ಬಾನುಲಿ ವಾರ್ತೆಯು ಸಾವಿನ ಸುದ್ದಿಯೊಡನೆ ಹಂತಕನು ಹಿಂದೂ ಎಂಬುದನ್ನೂ ಸಾರಿತು. ಆ ಒಂದು ಪದ ಅಸಂಖ್ಯ ಮನೆಗಳನ್ನು ಉಳಿಸಿತು.

ಆದರೆ ಸುದ್ದಿ ಅಲ್ಲಿಗೆ ನಿಲ್ಲಲಿಲ್ಲ. ಹಂತಕನ ಹೆಸರು ತಿಳಿಯಿತು. ಹೆಸರಿನಿಂದ ಜಾತಿ ತಿಳಿಯಿತು. ನಾಥೂರಾಮ ಗೋಡ್ಸೆ ಪುಣೆಯಲ್ಲಿ ಮೊದಲು ‘ಅಗ್ರಣೀ’, ಬಳಿಕ ‘ಹಿಂದೂ ರಾಷ್ಟ್ರ’ ಎಂಬ ಮರಾಠಿ ಪತ್ರಿಕೆಯ ಸಂಪಾದಕನಾಗಿದ್ದವನು. ತಾರುಣ್ಯದಲ್ಲಿ ಸಾಂಗ್ಲಿಯಲ್ಲಿ ಹೊಲಿಗೆಯ ಅಂಗಡಿ ಇಟ್ಟಿದ್ದವನು. ಪುಣೆ, ಸಾತಾರಾ, ಕೊಲ್ಹಾಪುರ, ಸಾಂಗ್ಲಿ, ಮಿರಜಗಳಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಬ್ರಾಹ್ಮಣರ ಮನೆ, ಅಂಗಡಿಗಳಿಗೆ ಬೆಂಕಿ ಬಿದ್ದಿತು. ಕೊಲ್ಹಾಪುರದಲ್ಲಿ ಭಾಲಜಿ ಪೆಂಢಾರಕರರ ಜಯಪ್ರಭಾ ಸ್ಟುಡಿಯೋ ಸುಟ್ಟುಹೋಯಿತು. ಅನೇಕ ಕುಟುಂಬಗಳು ಹಳ್ಳಿಯನ್ನು ತೊರೆದು ನಗರ ಸೇರಿದವು. ಇಂದಿನ ಸಾಂಗ್ಲಿ ಜಿಲ್ಲೆಯವರೇ ಆದ ವ್ಯಂಕಟೇಶ ಮಾಡಗೂಳಕರರು ‘ವಾವಟಳ’ ಕಾದಂಬರಿಯನ್ನು ಬರೆದದ್ದು ಈ ಸುಂಟರಗಾಳಿಯನ್ನು ಕುರಿತೇ.

ಭೂಮಿ, ಸಾಲ, ಶಿಕ್ಷಣ, ಅಧಿಕಾರ ಇವುಗಳಲ್ಲಿನ ಅಸಮಾನತೆಯಿಂದ ಆ ಭಾಗದಲ್ಲಿ ಬಹುಕಾಲದಿಂದ ಅಸಮಾಧಾನ ಹೊಗೆಯಾಡುತ್ತಿತ್ತೆಂಬುದು ನಿಜ. ಆ ಅಸಮಾಧಾನಕ್ಕೆ ಕಾರಣಗಳಿದ್ದವೆಂಬುದೂ ನಿಜ. ಆದರೆ ಮನೆ ಸುಟ್ಟುಕೊಂಡವರು ಗಾಂಧೀಜಿಯನ್ನು ಕೊಂದವರಲ್ಲ. ಕೆಂಪುಕೋಟೆಯ ವಿಶೇಷ ನ್ಯಾಯಾಲಯ 1949ರ ಫೆಬ್ರವರಿಯಲ್ಲಿ ಏಳು ಮಂದಿಯನ್ನು ಅಪರಾಧಿಗಳೆಂದಿತು. ಮೇಲ್ಮನವಿಯಲ್ಲಿ ಅವರಲ್ಲಿಬ್ಬರು ಬಿಡುಗಡೆಯಾದರು. ನ್ಯಾಯಾಲಯದ ಬಹುವಚನ ಎಣಿಕೆಗೆ ಸಿಗುವಂಥದು: ಸಂಚು ಮಾಡಿದವರು ಎಷ್ಟು ಮಂದಿಯೋ ಅಷ್ಟೇ. ಗುಂಪಿನ ಬಹುವಚನಕ್ಕೆ ಎಣಿಕೆಯಿಲ್ಲ. ಅದರಲ್ಲಿ ತೊಟ್ಟಿಲ ಕೂಸೂ ಸೇರುತ್ತದೆ.

ಹಾಗಾದರೆ ಸುದ್ದಿಯಲ್ಲಿ ಜಾತಿಮತಗಳನ್ನು ಹೇಳಲೇಬಾರದು ಎನ್ನುವವರಿದ್ದಾರೆ. ಮಾತು ಸದುದ್ದೇಶದ್ದು, ಆದರೆ ಸಾಲದು. 2024ರ ಜುಲೈ 29ರಂದು ಬ್ರಿಟನ್ನಿನ ಸೌತ್‌ಪೋರ್ಟಿನಲ್ಲಿ ಹದಿನೇಳರ ಹುಡುಗನೊಬ್ಬ ನೃತ್ಯದ ತರಗತಿಗೆ ನುಗ್ಗಿ ಮೂವರು ಬಾಲಕಿಯರನ್ನು ಇರಿದು ಕೊಂದನು. ಅಪ್ರಾಪ್ತನಾದ್ದರಿಂದ ಅವನ ಹೆಸರು ಕೂಡಲೇ ಹೊರಬರಲಿಲ್ಲ. ಆ ತೆರಪಿನಲ್ಲಿ ಸುಳ್ಳು ಬಂದು ಕುಳಿತಿತು: ಒಂದು ಕಲ್ಪಿತ ಮುಸ್ಲಿಂ ಹೆಸರು ಹುಟ್ಟಿತು, ದೋಣಿಯಲ್ಲಿ ಬಂದ ಆಶ್ರಯಾರ್ಥಿಯ ಕಥೆ ಹುಟ್ಟಿತು. ಮರುದಿನವೇ ಅಲ್ಲಿಯ ಮಸೀದಿಯ ಮೇಲೆ ದಾಳಿಯಾಯಿತು. ಆಗಸ್ಟ್ 1ರಂದು ನ್ಯಾಯಾಲಯ ಹೆಸರನ್ನು ಪ್ರಕಟಿಸಲು ಅನುಮತಿಸಿತು. ಅವನು ಕಾರ್ಡಿಫ್‌ನಲ್ಲಿ ಹುಟ್ಟಿದವನೆಂದು ಆಗ ಎಲ್ಲರಿಗೂ ತಿಳಿದಿತ್ತು. ಆದರೂ ಗಲಭೆ ನಿಲ್ಲಲಿಲ್ಲ. ಆಗಸ್ಟ್ 4ರಂದು ರಾದರಮ್‌ನಲ್ಲಿ ಆಶ್ರಯಾರ್ಥಿಗಳಿದ್ದ ಹೋಟೆಲಿಗೆ ಗುಂಪು ಮುತ್ತಿಗೆ ಹಾಕಿತು. ಮೌನ ಸುಳ್ಳಿಗೆ ಎಡೆಗೊಟ್ಟಿತು. ಸತ್ಯವೂ ತಡವಾಗಿ ಬಂದು ಸೋತಿತು.

ಸೋತದ್ದೇಕೆ? ಬಹುವಚನ ಮೊದಲೇ ಸಿದ್ಧವಾಗಿತ್ತು. ‘ಅವರು’ ಎಂಬ ಸರ್ವನಾಮದೊಳಗೆ ಯಾರನ್ನು ತುಂಬಬೇಕೆಂಬುದನ್ನು ಉಗ್ರ ಭಾಷಣಗಳು ವರ್ಷಗಟ್ಟಲೆ ಕಲಿಸಿರುತ್ತವೆ. ಸುದ್ದಿ ನೆಪವಷ್ಟೇ ಆಗುತ್ತದೆ. 2009ರ ಗಣೇಶೋತ್ಸವದಲ್ಲಿ ಮಿರಜದ ಕಮಾನೊಂದರ ಮೇಲಿದ್ದ ಅಫಜಲಖಾನ ವಧೆಯ ಚಿತ್ರದಿಂದ ಹೊತ್ತಿದ ಗಲಭೆ ಸಾಂಗ್ಲಿ, ಇಚಲಕರಂಜಿಗಳಿಗೂ ಹಬ್ಬಿತು. 1659ರಲ್ಲಿ ಎದುರುಬದುರಾದವರು ವಿಜಯಪುರದ ಒಬ್ಬ ಸರದಾರ ಮತ್ತು ಶಿವಾಜಿ ಮಹಾರಾಜರು. ಮೂರೂವರೆ ಶತಮಾನದ ಬಳಿಕ ಆ ಚಿತ್ರ ಮೀರಾಸಾಹೇಬರ ದರ್ಗಾದ ಊರಿನಲ್ಲಿ ನೆರೆಹೊರೆಯವರನ್ನು ಎರಡು ಬಹುವಚನಗಳಾಗಿ ಒಡೆಯಿತು.

ಆದ್ದರಿಂದ ನನ್ನ ಅಭಿಪ್ರಾಯವಿದು: ಗಾಳಿಮಾತನ್ನು ಆರಿಸಲು ಗುರುತನ್ನು ಹೇಳಬೇಕಾದರೆ ಬೇಗ ಹೇಳಬೇಕು, ಖಚಿತವಾದ ಮೇಲೆ ಹೇಳಬೇಕು, ಏಕವಚನದಲ್ಲಿ ಹೇಳಬೇಕು. ಖಚಿತವಾಗದಿದ್ದರೆ ಹಾಗೆಂದು ಒಪ್ಪಿಕೊಳ್ಳಬೇಕು. ಇದಕ್ಕೆ ಕನ್ನಡದಲ್ಲಿ ‘ಅಂತೆ’ ಎಂಬ ಪುಟ್ಟ ಪದವಿದೆ. ‘ಬಂದನು’ ಎಂದವನು ಕಂಡವನು. ‘ಬಂದನಂತೆ’ ಎಂದವನು ಕೇಳಿದವನು. ನಮ್ಮ ಅಜ್ಜಿಯರು ಈ ಭೇದವನ್ನು ಎಂದೂ ಮರೆತವರಲ್ಲ. ಪತ್ರಿಕಾಭಾಷೆಯ ‘ಎನ್ನಲಾಗಿದೆ’ ಎಂಬುದು ಹಾಗಲ್ಲ. ಅಂದವರು ಯಾರೆಂಬುದನ್ನು ಮರೆಮಾಚಿ ಗಾಳಿಮಾತಿಗೆ ಗಾಂಭೀರ್ಯದ ಉಡುಪು ತೊಡಿಸುತ್ತದೆ. ಅದನ್ನು ಓದಿದಾಗಲೆಲ್ಲ ‘ಎಂದವರು ಯಾರು?’ ಎಂದು ಕೇಳುವುದು ಭಾಷೆಯನ್ನು ಕಲಿತವರ ಕರ್ತವ್ಯ.

ಇದರ ನಿಜವಾದ ಪರೀಕ್ಷೆ ನಮ್ಮವರೇ ಹತರಾದಾಗ. 2015ರ ಫೆಬ್ರವರಿಯಲ್ಲಿ ಕೊಲ್ಹಾಪುರದಲ್ಲಿ ಗೋವಿಂದ ಪಾನಸರೆಯವರ ಮೇಲೆ ಗುಂಡು ಹಾರಿತು. ಶಿವಾಜಿ ಮಹಾರಾಜರನ್ನು ದ್ವೇಷದ ಹಿಡಿತದಿಂದ ಬಿಡಿಸಿ ತೋರಿಸಿದ ಪುಸ್ತಕ ಬರೆದವರು ಅವರು. ಅದೇ ವರ್ಷ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರ ಹತ್ಯೆಯಾಯಿತು. ಅವರ ಸಂಶೋಧನೆಯನ್ನು ಓದಿ ಬೆಳೆದ ನಮಗೆ ಅದು ಮನೆಯೊಳಗಿನ ಸಾವು. ಗುಂಡು ಹಾರಿಸಿದವರನ್ನಷ್ಟೇ ಅಲ್ಲ, ಸಂಚು ಹೂಡಿದವರನ್ನೂ ಹುಡುಕಬೇಕೆಂದು ಒತ್ತಾಯಿಸುವುದು ನಮ್ಮ ಹಕ್ಕು. ಆದರೆ ಆ ಸಿಟ್ಟಿನಲ್ಲಿಯೂ ಎಣಿಕೆಗೆ ಸಿಗದ ಬಹುವಚನವನ್ನು ನಾವು ಬಳಸಕೂಡದು. ಪ್ರತಿಯೊಂದು ಶಾಸನದ ಪಾಠವನ್ನೂ ಪರೀಕ್ಷಿಸಿ, ಆಧಾರವಿಲ್ಲದೆ ತೀರ್ಮಾನಿಸದಿರುವುದು ಸಂಶೋಧಕನ ಶಿಸ್ತು. ಕಲಬುರ್ಗಿಯವರ ಶಿಷ್ಯಪರಂಪರೆಯೆಂದು ಹೇಳಿಕೊಳ್ಳುವವರು ಸುದ್ದಿಯ ಮುಂದೆಯೂ ಆ ಶಿಸ್ತನ್ನೇ ಪಾಲಿಸಬೇಕಾಗುತ್ತದೆ.

ನಿಮ್ಮಲ್ಲಿ ಕೆಲವರು ನಾಳೆ ಸುದ್ದಿಮನೆಗೆ ಹೋಗುವಿರಿ; ಗಡಿಭಾಗದವರು ಮರಾಠಿಯ ಸುದ್ದಿಯನ್ನು ಕನ್ನಡಕ್ಕೂ ಕನ್ನಡದ್ದನ್ನು ಮರಾಠಿಗೂ ತರುವಿರಿ. ಉಳಿದವರೆಲ್ಲರ ಕೈಯಲ್ಲಿ ಮೊಬೈಲ್ ಇದ್ದೇ ಇದೆ. ಕೊಲೆಯ ಸುದ್ದಿಯೊಂದು ಬಂದಾಗ, ಮುಂದಕ್ಕೆ ಕಳುಹಿಸುವ ಮೊದಲು ವಾಕ್ಯದ ಕರ್ತೃಪದವನ್ನು ಒಮ್ಮೆ ನೋಡಿ. ಅದು ಏಕವಚನದಲ್ಲಿದೆಯೇ, ಬಹುವಚನದಲ್ಲಿದೆಯೇ? ಬಹುವಚನವಾದರೆ, ಎಣಿಸಿ ಹೇಳಬಲ್ಲಿರಾ?