ಹಡಗು ಹತ್ತುವ ಮೊಟ್ಟೆ

ಕೋಳಿ ಸಾಕಣೆಯನ್ನು ರಾಷ್ಟ್ರದ ದೊಡ್ಡ ರಫ್ತು ಉದ್ಯಮವಾಗಿ ಬೆಳೆಸಬೇಕೆಂಬ ವಾದವನ್ನು ನಾವು ವಿರೋಧಿಸುವವರಲ್ಲ. 2023-24ರಲ್ಲಿ ಭಾರತವು 14,277 ಕೋಟಿ ಮೊಟ್ಟೆಗಳನ್ನು ಉತ್ಪಾದಿಸಿತು. ತಮಿಳುನಾಡಿನ ನಾಮಕ್ಕಲ್ಲಿನಿಂದ ಓಮಾನ್, ಕತಾರ್ ಮೊದಲಾದ ದೇಶಗಳಿಗೆ ಮೊಟ್ಟೆ ಹಡಗು ಹತ್ತುತ್ತಿದೆ. ಮಳೆ ಕಡಮೆಯಾದ ಸೀಮೆಯ ಜನ ಇಷ್ಟನ್ನು ಕಟ್ಟಿದ್ದು ಸಾಮಾನ್ಯ ಸಾಧನೆಯಲ್ಲ.

ಆದರೆ ಅದೇ ವರ್ಷ ಈ ದೇಶದಲ್ಲಿ ತಲೆಯೊಂದಕ್ಕೆ ದೊರೆತದ್ದು 103 ಮೊಟ್ಟೆ. ಆರೋಗ್ಯಕ್ಕೆ ಬೇಕೆಂದು ಪೌಷ್ಟಿಕ ತಜ್ಞರು ಹೇಳುವುದು 180. ಈ 103 ಸಹ ಸರಾಸರಿಯ ಮಾತು. ಕೂಲಿಕಾರನ ಮಗುವಿನ ತಟ್ಟೆಗೆ ಎಷ್ಟು ಬಿತ್ತೆಂದು ಸರಾಸರಿ ಹೇಳುವುದಿಲ್ಲ.

ಇನ್ನು ಲಾಭ ಯಾರದು? ಮಾಂಸದ ಕೋಳಿಯಲ್ಲಿ ಇಂದು ಗುತ್ತಿಗೆ ಪದ್ಧತಿ ಹರಡಿದೆ. ಮರಿ, ಮೇವು, ಔಷಧ ಕಂಪನಿಯದು. ಜಾಗ, ಷೆಡ್ಡು, ನೀರು, ವಿದ್ಯುತ್ತು, ಮನೆಮಂದಿಯ ದುಡಿಮೆ ರೈತನದು. ಸುಮಾರು 40 ದಿನಗಳಾದ ಮೇಲೆ ಕಂಪನಿಯ ಲಾರಿ ಬಂದು, ಕೋಳಿ ತೂಗಿ, ಕಿಲೋಗೆ ಇಷ್ಟೆಂದು ಸಾಕಣೆ ಕೂಲಿಯ ಲೆಕ್ಕ ಬರೆಯುತ್ತದೆ. ಕೋಳಿ ಅವರದು, ಷೆಡ್ಡಿನ ಸಾಲ ಇವನದು! ತುಂಡುಗೆಲಸದ ಕೂಲಿಯನ್ನು ಕಂಡ ಗಿರಣಿ ಕಾರ್ಮಿಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿರಣಿಯಲ್ಲಿ ಮಗ್ಗವನ್ನಾದರೂ ಮಾಲೀಕನೇ ಕೊಂಡಿರುತ್ತಾನೆ.

ವಿದೇಶದ ಪೇಟೆಯನ್ನೇ ನಂಬಿದರೆ ಒಂದು ರೋಗ ಸಾಕು. 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿದಾಗ ಲಕ್ಷಾಂತರ ಕೋಳಿಗಳನ್ನು ಕೊಲ್ಲಬೇಕಾಯಿತು. ಪರದೇಶಗಳು ನಮ್ಮ ಮಾಲಿಗೆ ಬಾಗಿಲು ಹಾಕಿದವು. 2025ರ ಆರಂಭದಲ್ಲಿ ಅದೇ ರೋಗ ನಮ್ಮ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಿಗೂ ಬಂತು. ರೋಗ ಖಚಿತವಾಗಬೇಕಾದರೆ ಮಾದರಿ ಭೋಪಾಲದ ಪ್ರಯೋಗಾಲಯಕ್ಕೆ ಹೋಗಬೇಕು. ಉತ್ತರ ಬರುವಷ್ಟರಲ್ಲಿ ಗಾಳಿಸುದ್ದಿಯೇ ಪೇಟೆಯನ್ನು ಮುಗಿಸಿರುತ್ತದೆ. ಸರಕಾರ ಕೊಲ್ಲಿಸಿದ ಕೋಳಿಗೆ ಪರಿಹಾರವುಂಟು. ಗಿರಾಕಿಯಿಲ್ಲದೆ ಬಾಗಿಲೆಳೆದು ಕುಳಿತ ಚಿಲ್ಲರೆ ವ್ಯಾಪಾರಿಗೆ ಏನೂ ಇಲ್ಲ.

ಮೇವಿನ ಮಾತೂ ಇದೆ. ಸಾಕಣೆಯ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋಗುತ್ತದೆ. ಈಗ ಮೆಕ್ಕೆಜೋಳಕ್ಕೆ ಎಥೆನಾಲ್ ಕಾರ್ಖಾನೆಗಳೂ ಪೈಪೋಟಿಗಿಳಿದಿವೆ. ಬೆಳೆದವನಿಗೆ ಒಳ್ಳೆಯ ಬೆಲೆ ಸಿಕ್ಕರೆ ನಮಗೆ ಸಂತೋಷವೇ. ಆದರೆ ಆ ಭಾರವನ್ನು ನೂರಿನ್ನೂರು ಕೋಳಿ ಸಾಕುವವನೊಬ್ಬನೇ ಹೊರಲಾರ.

ರಫ್ತಿಗೆ ಪ್ರೋತ್ಸಾಹ ಕೊಡುವ ಸರಕಾರ ಮೊದಲು ಗುತ್ತಿಗೆಯಲ್ಲಿ ಕನಿಷ್ಠ ಸಾಕಣೆ ಕೂಲಿಯನ್ನು ಕಾನೂನಿನಿಂದ ಗೊತ್ತುಮಾಡಲಿ. ಶಾಲೆ, ಅಂಗನವಾಡಿಗಳ ಮೊಟ್ಟೆಯನ್ನು ಮಧ್ಯದ ಗುತ್ತಿಗೆದಾರರನ್ನು ಬಿಟ್ಟು ಸಣ್ಣ ಸಾಕಣೆದಾರರ ಸಹಕಾರ ಸಂಘಗಳಿಂದಲೇ ಕೊಳ್ಳಲಿ. ಹಕ್ಕಿಜ್ವರದ ಪರಿಹಾರದ ಪಟ್ಟಿಯಲ್ಲಿ ಚಿಲ್ಲರೆ ವ್ಯಾಪಾರಿಯ ಹೆಸರೂ ಇರಬೇಕೆಂದು ನಾವು ಒತ್ತಾಯಿಸುತ್ತೇವೆ.