ಸೋಲ್ಡರಿಂಗ್ ನಮ್ಮ ಶಾಲೆಯಲ್ಲೂ ಕಲಿಸಬೇಕು



ಹೋದ ತಿಂಗಳ ಗೋಡೆ ಪತ್ರಿಕೆಯಲ್ಲಿ "ಮೊಬೈಲಿನಿಂದ ಮಕ್ಕಳು ಕೆಡುತ್ತಾರೆ" ಎಂಬ ಲೇಖನ ಬಂದಿತ್ತು. ಎಲ್ಲರೂ ಚೆನ್ನಾಗಿದೆ ಅಂದರು. ನನಗೂ ಸರಿ ಅನ್ನಿಸಿತು. ಆದರೆ ಮೊಬೈಲೇ ಕೆಟ್ಟರೆ ಏನು ಮಾಡಬೇಕು ಅಂತ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಇರೋದು ಒಂದೇ ಫೋನು. ಬಟನ್ ಫೋನು. ನಮ್ಮಣ್ಣ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದಾನೆ. ಹೋಗುವ ದಿನ ಅಪ್ಪನಿಗೂ ಅವನಿಗೂ ಜಗಳ ಆಗಿತ್ತು. ಅದೇನು ಅಂತ ಇಲ್ಲಿ ಬರೆಯೋದಿಲ್ಲ. ಅವನು ದಿನಾ ರಾತ್ರಿ ಅವ್ವನಿಗೆ ಫೋನ್ ಮಾಡುತ್ತಿದ್ದ. ಒಂದು ದಿನ ಅವನ ಮಾತು ನಮಗೆ ಕೇಳುತ್ತೆ, ನಮ್ಮ ಮಾತು ಅವನಿಗೆ ಕೇಳೋದಿಲ್ಲ! "ಹಲೋ, ಹಲೋ, ಯವ್ವಾ, ಮಾತಾಡಬೇ" ಅಂತ ಕೂಗುತ್ತಾನೆ, ಅವ್ವ ಇಲ್ಲಿಂದ ಓಣಿಗೆಲ್ಲಾ ಕೇಳುವ ಹಾಗೆ ಕೂಗುತ್ತಾಳೆ, ಅವನು ಇಟ್ಟುಬಿಡುತ್ತಾನೆ. ಮೂರು ದಿನ ಹೀಗೇ ಆಯ್ತು. ನಾಲ್ಕನೇ ದಿನ ಅವನು ಫೋನ್ ಮಾಡಲೇ ಇಲ್ಲ. ಪಕ್ಕದ ಮನೆಯವರ ಫೋನಿನಿಂದ ಮಾಡಿದರೆ ಗೊತ್ತಿಲ್ಲದ ನಂಬರ್ ಅಂತ ಎತ್ತಲಿಲ್ಲ. ಅವ್ವ ಆವತ್ತು ಊಟ ಬಿಟ್ಟಳು.

ಅಪ್ಪ ಬೆಳಿಗ್ಗೆ ಬಸ್ಸಿಗೆ ಪೇಟೆಗೆ ಹೋಗಿ ಒಂದು ಅಂಗಡಿಯಲ್ಲಿ ತೋರಿಸಿದರು. ಅಲ್ಲಿಯವರು ಬಿಚ್ಚಿ ಕೂಡ ನೋಡದೆ "ಬೋರ್ಡ್ ಹೋಗೈತಿ, ಹೊಸದು ತಗೊಂಡ್ಬಿಡ್ರಿ" ಅಂದರಂತೆ. ಅವತ್ತು ಅಪ್ಪನ ನಾಟಿ ಕೂಲಿ ಹೋಯ್ತು, ಬಸ್ ಚಾರ್ಜ್ ಹೋಯ್ತು, ಫೋನು ಹಾಗೇ ವಾಪಸ್ ಬಂತು.

ನಮ್ಮ ಓಣಿಯಲ್ಲಿ ಒಬ್ಬ ಮಾವ ಇದ್ದಾರೆ. ಹೊಳೆ ದಂಡೆಯ ಗದ್ದೆಗಳಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಕೆಟ್ಟರೆ ಅವರನ್ನೇ ಕರೆಯುತ್ತಾರೆ. ಅವರು ಫೋನು ಬಿಚ್ಚಿದರು. ನನಗೆ ಬ್ಯಾಟರಿ ಲೈಟು ಹಿಡಿ ಅಂದರು. ಕೆಳಗಡೆ ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು, ಗುಂಡಗೆ ತಗಡಿನ ಡಬ್ಬಿ ಹಾಗೆ ಒಂದು ಇತ್ತು. ಅದೇ ಮೈಕು. ಅದರ ಒಂದು ಕಾಲು ಬೋರ್ಡಿನಿಂದ ಎದ್ದಿತ್ತು. ಫೋನು ಎಷ್ಟು ಸಲ ಬಿದ್ದಿತ್ತೋ! ಮಾವ ಸೋಲ್ಡರಿಂಗ್ ಐರನ್ ಕಾಯಿಸಿ ಒಂದು ಚುಕ್ಕೆ ಬೆಸುಗೆ ಹಾಕಿದರು. ಎರಡು ನಿಮಿಷವೂ ಆಗಲಿಲ್ಲ. ಅವ್ವ ಫೋನ್ ಮಾಡಿ "ಕೇಳಿಸ್ತೈತೇನಪ್ಪಾ?" ಅಂದಳು. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನೂ ಅಪ್ಪನ ಕಡೆ ಸೇರಿ ಸಿಟ್ಟು ಮಾಡ್ಕೊಂಡೀ ಅಂದ್ಕೊಂಡಿದ್ದೆ" ಅಂದ. ನೋಡಿ, ಸಾಸಿವೆಯಷ್ಟು ತವರ ಬಿಟ್ಟಿದ್ದಕ್ಕೆ ಇಷ್ಟೆಲ್ಲಾ.

ಅವತ್ತಿನಿಂದ ನಾನು ಭಾನುವಾರ ಭಾನುವಾರ ಮಾವನ ಹತ್ತಿರ ಕಲಿಯುತ್ತಿದ್ದೇನೆ.

ಮೊದಲ ಮಾತು ಏನೆಂದರೆ, ಇದು ಹೊಸ ವಿದ್ಯೆ ಅಲ್ಲ. ನಮ್ಮ ಅಜ್ಜಿ ಹೇಳುತ್ತಾಳೆ, ಮೊದಲೆಲ್ಲಾ ಕಲಾಯಿಯವರು ಊರಿಗೆ ಬಂದು, ತಿದಿ ಒತ್ತಿ ಹಿತ್ತಾಳೆ ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಹಾಕಿ ಅರಿವೆಯಿಂದ ಒರೆಸುತ್ತಿದ್ದರಂತೆ. ನವಸಾಗರ ಯಾಕೆ? ಪಾತ್ರೆಯ ಮೇಲಿನ ಕಿಲುಬು ಹೋದರೇನೇ ತವರ ಹಿಡಿಯೋದು. ಫೋನಿನಲ್ಲೂ ಅದೇ. ಇಲ್ಲಿ ನವಸಾಗರದ ಬದಲು ರಾಳ. ಅದು ಸೋಲ್ಡರ್ ತಂತಿಯ ಹೊಟ್ಟೆಯೊಳಗೇ ಇರುತ್ತದೆ. ಕಾಯಿಸಿದಾಗ ಹೊಗೆ ಬರೋದು ಅದರದ್ದೇ. (ನವಸಾಗರವನ್ನು ಮಾತ್ರ ಬೋರ್ಡಿಗೆ ಹಾಕಬಾರದು, ತಾಮ್ರ ತಿಂದುಬಿಡುತ್ತದೆ.)

ಇನ್ನೊಂದು ವಿಚಿತ್ರ ಕೇಳಿ. ತವರ ಕರಗೋದು 232 ಡಿಗ್ರಿಯಲ್ಲಿ. ಸೀಸ ಕರಗೋದು 327 ಡಿಗ್ರಿಯಲ್ಲಿ. ನೂರರಲ್ಲಿ 63 ಪಾಲು ತವರ, 37 ಪಾಲು ಸೀಸ ಕೂಡಿಸಿದರೆ ಎಷ್ಟಕ್ಕೆ ಕರಗಬೇಕು? ನಾನು ನಡುವೆ ಎಲ್ಲೋ ಇರಬೇಕು ಅಂದೆ. ಅಲ್ಲ, 183 ಡಿಗ್ರಿಗೇ ಕರಗುತ್ತದೆ! ಎರಡಕ್ಕಿಂತಲೂ ಕಡಿಮೆ. ಅದಕ್ಕೇ ಬೋರ್ಡು ಸುಡುವ ಮೊದಲೇ ಬೆಸುಗೆ ಆಗಿಬಿಡುತ್ತದೆ. ಹೊಸ ಫೋನುಗಳಲ್ಲಿ ಸೀಸ ಇಲ್ಲದ ಬೆಸುಗೆ ಇರುತ್ತದೆ. ಸೀಸ ವಿಷ ಅಂತ ಯುರೋಪಿನವರು 2006ರಿಂದ ಅದನ್ನು ಇಂಥ ಸಾಮಾನುಗಳಲ್ಲಿ ನಿಷೇಧ ಮಾಡಿದರು. ನಮ್ಮ ದೇಶದಲ್ಲೂ ಮಿತಿ ಹಾಕಿದ್ದಾರೆ. ತವರ, ಬೆಳ್ಳಿ, ತಾಮ್ರ ಸೇರಿದ ಆ ಬೆಸುಗೆ ಸುಮಾರು 217 ಡಿಗ್ರಿಗೆ ಕರಗುತ್ತದೆ, ಸ್ವಲ್ಪ ಮೊಂಡು.

ಹೇಗೆ ಹಿಡಿಯಬೇಕು ಅಂದರೆ, ತಂತಿಯನ್ನು ಐರನ್ನಿಗೆ ಮುಟ್ಟಿಸಿ ಹನಿ ಮಾಡಿ ತಂದು ಇಡಬಾರದು. ನಾನು ಮೊದಲು ಹಾಗೇ ಮಾಡಿದೆ. ಐರನ್ನಿನ ಮೂತಿ ಕಾಲಿಗೂ ಬೋರ್ಡಿನ ತಾಮ್ರಕ್ಕೂ ಒಟ್ಟಿಗೇ ತಾಗಬೇಕು. ಒಂದು, ಎರಡು ಅಂತ ಎಣಿಸಬೇಕು. ಆಮೇಲೆ ತಂತಿ ಮುಟ್ಟಿಸಿದರೆ ತಾನೇ ಹರಿದು ಹಿಡಿಯುತ್ತದೆ. ಚೆನ್ನಾಗಿ ಹಿಡಿದರೆ ಹೊಳೆಯುತ್ತಾ ಸಣ್ಣ ಗುಡ್ಡದ ಹಾಗೆ ಇಳಿಜಾರು ಕಾಣುತ್ತದೆ. ಕೆಸವಿನ ಎಲೆ ಮೇಲಿನ ನೀರಿನ ಹಾಗೆ ಗುಂಡಗೆ ಕೂತರೆ ಹಿಡಿದಿಲ್ಲ ಅಂತ. ಅದಕ್ಕೆ ಡ್ರೈ ಸೋಲ್ಡರ್ ಅನ್ನುತ್ತಾರೆ. ಇವತ್ತು ಮಾತು ಕೇಳುತ್ತೆ, ನಾಳೆ ಕೇಳಲ್ಲ. ಮೈಕಿಗೆ ಪ್ಲಸ್ಸು ಮೈನಸ್ಸೂ ಉಂಟು. ಯಾವ ಕಾಲು ತಗಡಿನ ಮೈಗೆ ಸೇರಿರುತ್ತದೋ ಅದು ಮೈನಸ್ಸು.

ನನ್ನ ತಪ್ಪನ್ನೂ ಬರೆಯಬೇಕು, ಇಲ್ಲದಿದ್ದರೆ ನನ್ನ ತಂಗಿ ಬಂದು ಇದರ ಕೆಳಗೇ ಪೆನ್ಸಿಲಿನಲ್ಲಿ ಬರೆಯುತ್ತಾಳೆ. ಮೂರು ವಾರ ಕಲಿತ ಮೇಲೆ ನಾನು ದೊಡ್ಡ ಮೆಕ್ಯಾನಿಕ್ ಆದೆ ಅಂದುಕೊಂಡೆ. ಓಣಿಯ ಅತ್ತೆಯೊಬ್ಬರ ಫೋನಿನ ಚಾರ್ಜಿಂಗ್ ಪಿನ್ನು ಅಲ್ಲಾಡುತ್ತಿತ್ತು. ಮಾವ ಇಲ್ಲದಾಗ ನಾನೇ ಕೂತೆ. ಎರಡು ಎಣಿಸುವ ಬದಲು ಹತ್ತು ಎಣಿಸುವಷ್ಟು ಹೊತ್ತು ಹಿಡಿದೆ. ಪಿನ್ನಿನ ಜೊತೆ ಬೋರ್ಡಿನ ತಾಮ್ರದ ಗೆರೆಯೂ ಸಿಪ್ಪೆ ಹಾಗೆ ಎದ್ದು ಬಂತು. ಆ ಫೋನು ಸತ್ತೇ ಹೋಯ್ತು. ಅತ್ತೆ ಬೈಯಲಿಲ್ಲ, "ಇರಲಿ ಬಿಡವ್ವ" ಅಂದರು. ಬೈದಿದ್ದರೆ ಚೆನ್ನಾಗಿತ್ತು. ಅಪ್ಪ ಹಳೇ ಫೋನೊಂದು ಕೊಡಿಸಿಕೊಟ್ಟರು. ಅದರ ದುಡ್ಡು ನನ್ನ ಜಾತ್ರೆ ದುಡ್ಡಿನಲ್ಲಿ ಹಿಡಿದುಕೊಂಡರು.

ಇದನ್ನು ಕೇಳಿ ಕೆಲವರು "ಅದಕ್ಕೇ ಮಕ್ಕಳ ಕೈಗೆ ಕೊಡಬಾರದು" ಅನ್ನುತ್ತಾರೆ. ನಾನು ಒಪ್ಪೋದಿಲ್ಲ. ಪಕ್ಕದಲ್ಲಿ ಯಾರೂ ಇಲ್ಲದ್ದಕ್ಕೆ, ಸತ್ತ ಬೋರ್ಡಿನ ಮೇಲೆ ಪಿನ್ನು ಬಿಚ್ಚಿ ನೋಡದೇ ಇದ್ದದ್ದಕ್ಕೆ ಹೀಗಾಯ್ತು. ಈಜು ಕೂಡ ಹಾಗೇ ಅಲ್ಲವೇ? ತುಂಗಭದ್ರೆ ನಮ್ಮೂರ ಪಕ್ಕದಲ್ಲೇ ಹರಿಯುತ್ತಾಳೆ. ಈಜು ಬಂದವರನ್ನು ಬಿಟ್ಟು ಹೋದರೆ ಮನೆಯಲ್ಲಿ ಹೊಡೆತ ಬೀಳುತ್ತದೆ, ಆದರೆ ಈಜು ಕಲಿಯಲೇಬಾರದು ಅಂತ ಯಾರೂ ಅನ್ನೋದಿಲ್ಲ.

ಅವ್ವನಿಗೆ ಕರೆಂಟಿನ ಭಯ. ಅದು ಸುಳ್ಳಲ್ಲ. ಐರನ್ನಿನ ಪ್ಲಗ್ಗಿನಲ್ಲಿ 230 ವೋಲ್ಟ್ ಇರುತ್ತದೆ, ವೈರು ಹರಿದಿರಬಾರದು. ಮೂತಿ 300 ಡಿಗ್ರಿ ದಾಟಿರುತ್ತದೆ. ನನ್ನ ಎಡಗೈ ಬೆರಳಿನ ಕಲೆ ನೋಡಬೇಕಾದವರು ಬಂದು ನೋಡಬಹುದು. ಫೋನಿನ ಬ್ಯಾಟರಿ ತೆಗೆದೇ ಕೆಲಸ ಮಾಡಬೇಕು. ಬ್ಯಾಟರಿಗೆ ಐರನ್ ತಾಗಿಸಲೇಬಾರದು, ಉಬ್ಬಿದ್ದರೆ ಚುಚ್ಚಬಾರದು, ಬೆಂಕಿ ಹತ್ತುತ್ತದೆ. ಹೊಗೆ ಕುಡಿಯಬಾರದು, ಕಿಟಕಿ ತೆಗೆದಿರಬೇಕು. ಸೀಸದ ತಂತಿ ಮುಟ್ಟಿದ ಕೈಯಲ್ಲಿ ಮಂಡಕ್ಕಿ ತಿನ್ನಬಾರದು, ಸೋಪು ಹಾಕಿ ತೊಳೆಯಬೇಕು. ಮನೆಯಲ್ಲಿ ಲ್ಯಾಂಡ್‌ಲೈನ್ ಇದ್ದವರು ಅದರ ವೈರು ಕಿತ್ತೇ ಬಿಚ್ಚಬೇಕು. ಸುಮ್ಮನಿದ್ದಾಗ ಅದರಲ್ಲಿ ಸುಮಾರು 48 ವೋಲ್ಟ್, ಗಂಟೆ ಬಾರಿಸುವಾಗ 75ಕ್ಕಿಂತ ಹೆಚ್ಚು ಬರುತ್ತದೆ, ಜುಂ ಅನ್ನಿಸುತ್ತದೆ.

"ಹುಡುಗಿಗೆ ಯಾಕೆ ಇದು, ರೊಟ್ಟಿ ಬಡಿಯೋದು ಕಲಿ" ಅಂದವರೂ ಇದ್ದಾರೆ. ರೊಟ್ಟಿ ನನಗೆ ಬರುತ್ತದೆ. ಬೆಂಗಳೂರಿನಲ್ಲಿ 1948ರಲ್ಲೇ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಶುರುವಾಯ್ತು. ದೇಶಕ್ಕೆಲ್ಲಾ ಅಲ್ಲಿಂದ ಫೋನು ಹೋಗುತ್ತಿತ್ತು. ಆ ಜಾಗದ ಹೆಸರೇ ದೂರವಾಣಿನಗರ. ಅಲ್ಲಿ ಹೆಂಗಸರೂ ಫೋನಿನ ಸಾಮಾನು ಜೋಡಿಸುವ ಕೆಲಸ ಮಾಡಿದ್ದಾರೆ. ಹಳ್ಳಿಯವರಿಗೆ ಇದೆಲ್ಲಾ ಯಾಕೆ ಅನ್ನುವವರಿಗೂ ಒಂದು ಮಾತು. ಸಿ-ಡಾಟ್ ಎಂಬ ಸರ್ಕಾರಿ ಸಂಸ್ಥೆ 1984ರಲ್ಲಿ ಹುಟ್ಟಿತು. ಅವರು ಹಳ್ಳಿಗಳಿಗಾಗಿಯೇ 128 ಲೈನಿನ ಸಣ್ಣ ಟೆಲಿಫೋನ್ ಎಕ್ಸ್‌ಚೇಂಜ್ ಮಾಡಿದರು. ಏಸಿ ಇಲ್ಲದೆ, ಬಿಸಿಲು ಧೂಳಿನಲ್ಲೇ ನಡೆಯುವಂಥದ್ದು. ಅದನ್ನು ಮೊದಲು ಹಾಕಿದ್ದು ದೆಹಲಿಯಲ್ಲಲ್ಲ, ನಮ್ಮ ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ, 1986ರಲ್ಲಿ.

ಎಲ್ಲಾ ರಿಪೇರಿ ನಾವೇ ಮಾಡಬಹುದು ಅಂತ ನಾನು ಹೇಳುತ್ತಿಲ್ಲ. ದೊಡ್ಡ ಫೋನುಗಳಲ್ಲಿ ಕೆಲವು ಸಾಮಾನು ಒಂದು ಮಿಲಿಮೀಟರ್ ಉದ್ದ, ಅರ್ಧ ಮಿಲಿಮೀಟರ್ ಅಗಲ. ಇರುವೆ ಹೊತ್ತುಕೊಂಡು ಹೋಗುವಷ್ಟು. ದೊಡ್ಡ ಚಿಪ್ಪುಗಳ ಕಾಲುಗಳು ಅಡಿಯಲ್ಲೇ ಇರುತ್ತವೆ, ಬಿಸಿಗಾಳಿಯ ಯಂತ್ರ ಬೇಕು. ಅದು ಪೇಟೆಯವರ ಕೆಲಸವೇ. ಆದರೆ ಬಟನ್ ಫೋನಿನ ಮೈಕು, ಸ್ಪೀಕರು, ವೈಬ್ರೇಟರಿನ ವೈರು, ಇಯರ್‌ಫೋನಿನ ತುಂಡಾದ ತಂತಿ, ರೇಡಿಯೋ, ಟಾರ್ಚು, ಇವು 25 ವ್ಯಾಟಿನ ಐರನ್ನಿನಲ್ಲಿ ಆಗುತ್ತವೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು. ಮೊಬೈಲು, ಹೊಲದ ಯಂತ್ರ ಎಲ್ಲಾ ಅದರಲ್ಲಿ ಸೇರಿವೆಯಂತೆ. ಹಕ್ಕು ಬಂತು ಸರಿ, ಐರನ್ ಹಿಡಿಯಲು ಬರದಿದ್ದರೆ ಆ ಹಕ್ಕು ಇಟ್ಟುಕೊಂಡು ಏನು ಮಾಡೋದು?

ನಮ್ಮ ವಿಜ್ಞಾನ ಪುಸ್ತಕದಲ್ಲಿ ಸೆಲ್ಲು, ಬಲ್ಬು, ಸ್ವಿಚ್ಚಿನ ಚಿತ್ರ ಬರೆದು ಬರೆದು ನನಗೆ ಹತ್ತಕ್ಕೆ ಹತ್ತು ಅಂಕ ಬಂದಿದೆ. ಆದರೆ ನಿಜವಾದ ಎರಡು ವೈರು ಹೇಗೆ ಸೇರುತ್ತವೆ ಅಂತ ಗೊತ್ತಾದದ್ದು ಮಾವನ ಜಗಲಿ ಮೇಲೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ತರಗತಿಯವರು ಹತ್ತು ದಿನ ಬ್ಯಾಗಿಲ್ಲದೆ ಬಡಿಗೇರು, ಕುಂಬಾರರು, ತೋಟಗಾರರಂಥವರ ಹತ್ತಿರ ಕೆಲಸ ಕಲಿಯಬೇಕು ಅಂತ ಬರೆದಿದ್ದಾರೆ. ಆ ಪಟ್ಟಿಗೆ ರಿಪೇರಿಯವರನ್ನೂ ನಾವೇ ಸೇರಿಸಿಕೊಂಡರೆ ತಪ್ಪೇನು? ಪಾಠ ಹಿಂದೆ ಬೀಳುತ್ತದೆ ಅಂತ ಗುರುಗಳಿಗೆ ಚಿಂತೆ ಇರಬಹುದು. ತಿಂಗಳಿಗೆ ಒಂದು ಶನಿವಾರ ಸಾಕು. ಒಂದು ಸಲಕ್ಕೆ ಐದೇ ಜನ, ಎರಡು ಐರನ್. ಮಾವ ತಾವು ತಂದದ್ದಕ್ಕೆ 180 ರೂಪಾಯಿ ಆಯ್ತು ಅಂದರು. ದುಡ್ಡು ಕೇಳದೆ ಬರುತ್ತೇನೆ, ಚಹಾ ಕೊಟ್ಟರೆ ಸಾಕು ಅಂತಲೂ ಅಂದಿದ್ದಾರೆ.

ಕಲಿಯಲು ಸತ್ತ ಫೋನುಗಳು ಬೇಕು. ಎಲ್ಲರ ಮನೆಯ ಗೂಡಿನಲ್ಲೂ ಒಂದೆರಡು ಬಿದ್ದಿರುತ್ತವೆ. 7ನೇ ತರಗತಿಯ ಬಾಗಿಲ ಪಕ್ಕ ಒಂದು ಬಿಸ್ಕತ್ತಿನ ಡಬ್ಬ ಇಟ್ಟಿದ್ದೇನೆ. ಬ್ಯಾಟರಿ, ಸಿಮ್ಮು ತೆಗೆದು ಹಾಕಿ. ಮನೆಯವರನ್ನು ಕೇಳಿಯೇ ತನ್ನಿ. ಅತ್ತೆಯ ಫೋನು ಈಗಾಗಲೇ ಅದರಲ್ಲಿದೆ.

— 7ನೇ ತರಗತಿಯ ಒಬ್ಬ ವಿದ್ಯಾರ್ಥಿನಿ, ಹಲವಾಗಲು